ಪೊರೆಯಲ್ಲಿ ಸಿಕ್ಕ ನೊಣ

ಕಣ್ಣು ಹೋದ ಮೇಲೂ ಫಿರ್ಮಿನ್ ಗಾಳಕ್ಕೆ ಹುಸಿನೊಣ ಕಟ್ಟುವುದನ್ನು ಬಿಟ್ಟಿರಲಿಲ್ಲ. ಬಿಟ್ಟದ್ದು ಹೊಳೆಗೆ ಹೋಗುವುದನ್ನು. ಅಡುಗೆಮನೆಯ ಮೇಜಿಗೆ ಪುಟ್ಟ ಇಕ್ಕಳ ಬಿಗಿದು, ಅದರ ಬಾಯಿಗೆ ಗಾಳ ಕಚ್ಚಿಸಿ, ಬಾತುಕೋಳಿಯ ಬಾಲದ ಬುಡದ ಮೆತ್ತನೆ ಗರಿಯನ್ನು ಬೆರಳಲ್ಲೇ ಅಳೆದು ದಾರ ಸುತ್ತುತ್ತಿದ್ದ. ನೀರಿನಡಿಯಿಂದ ಎದ್ದು ಬಂದು, ಅರ್ಧ ಪೊರೆ ಕಳಚಿ, ಇನ್ನೂ ಹಾರಲಾಗದೆ ಮೇಲ್ಮೈಗೇ ಅಂಟಿಕೊಂಡ ನೊಣದಂತೆ ಕಾಣಬೇಕು ಅದು. ಟ್ರೌಟ್ ಮೀನಿಗೆ ಅಂಥದ್ದೆಂದರೆ ಪ್ರಾಣ.

ಕಟ್ಟಿದ್ದನ್ನೆಲ್ಲ ಹೆಂಡತಿ ಒಡೆಟ್ ಡಬ್ಬಿಗೆ ತುಂಬುತ್ತಿದ್ದಳು. ಮೇ ತಿಂಗಳ ಒಂದು ಸಂಜೆ ಮುಚ್ಚಳ ಕೂರದಾಯಿತು.

"ಇವನ್ನೇನು ಉಪ್ಪಿನಕಾಯಿ ಹಾಕ್ಲಾ? ಏಳು, ಹೊಳೆಗೆ ಹೋಗೋಣ."

"ಕುರುಡನಿಗೆ ಯಾಕೆ ಮಾರಾಯ್ತಿ ಹೊಳೆ?"

"ಕಿವಿ ಇದೆಯಲ್ಲ. ನನ್ನ ಗೊರಕೆ ಮಾತ್ರ ಚೆನ್ನಾಗಿ ಕೇಳ್ಸತ್ತೆ!"

ಊರ ಪಕ್ಕದ ಲೂ ಹೊಳೆಯ ತಣ್ಣನೆ ವಾಸನೆ ಮೂಗಿಗೆ ಬಡಿದೊಡನೆ ಫಿರ್ಮಿನ್‌ನ ಹೆಜ್ಜೆ ದಡದಲ್ಲೇ ನಿಂತಿತು. ಆ ನೀರನ್ನು ಇನ್ನೊಮ್ಮೆ, ಒಂದೇ ಒಂದು ಸಲ ನೋಡಬೇಕೆಂದು ಆಸೆಯಾಯಿತು.

"ಬಣ್ಣ ಹೇಗಿದೆ?"

"ಹಸಿರು."

"ಎಂಥ ಹಸಿರು?"

ಒಡೆಟ್ ಬಹಳ ಹೊತ್ತು ನೋಡಿದಳು. "ನಂಗೆ ಹೇಳಕ್ಕೆ ಬರಲ್ಲ ಕಣೋ."

ಗಾಳದ ಕೋಲು, ನೊಣದ ಡಬ್ಬಿ ಸಮೇತ ಇಬ್ಬರೂ ಮೊಣಕಾಲುದ್ದ ನೀರಿಗಿಳಿದರು. ಅವಳು ಅವನ ಸೊಂಟದ ಪಟ್ಟಿ ಹಿಡಿದುಕೊಂಡಳು. ಹಾರಲಿರುವ ನೊಣಕ್ಕಾದರೆ ಮೀನು ಚಿಮ್ಮುತ್ತದೆ. ಪೊರೆಯಲ್ಲಿ ಸಿಕ್ಕಿದ್ದು ಎಲ್ಲಿಗೂ ಓಡದೆಂದು ಅದಕ್ಕೆ ಗೊತ್ತು, ಅವಸರವಿಲ್ಲದೆ ಹೀರುತ್ತದೆ. ಫಿರ್ಮಿನ್ ಉಸಿರು ಹಿಡಿದು ಕಾದ. ಎಡಗಡೆ ದಡದ ಬಳಿ, ಮಗು ಚೀಪಿ ಬಾಯಿ ಬಿಟ್ಟಂಥ ಸಣ್ಣ ಸದ್ದು.

ಕೋಲು ಬೀಸಿದ.

"ಸಾಲದು. ಇನ್ನೊಂದು ಮೊಳ," ಎಂದಳು ಒಡೆಟ್.

ಮತ್ತೆ ಬೀಸಿದ. ಅದೇ ಸದ್ದು. ಕೋಲೆತ್ತಿದ್ದೇ ತಡ, ಮೀನಿನ ಭಾರ ಮಣಿಕಟ್ಟಿಗೆ, ಮೊಣಕೈಗೆ, ಎದೆಗೆ ಬಂತು. ಇಷ್ಟು ವರ್ಷ ಎಲ್ಲಿ ಹೋಗಿತ್ತೋ ಆ ಸೆಳೆತ! ಫಿರ್ಮಿನ್ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ.

"ಬಿಡ್ಬೇಡ, ಬಿಡ್ಬೇಡ!" ಒಡೆಟ್ ಕೂಗಿದಳು.

ಮೀನು ಆಳಕ್ಕೆ ಹೊರಳಿ ದಾರ ಕಡಿದುಕೊಂಡು ಹೋಯಿತು.

"ನೋಡಿದ್ಯಾ ಅದನ್ನ?"

"ನೋಡ್ದೆ. ಬೆಣ್ಣೇಲಿ ಹುರಿದ ಈರುಳ್ಳಿ ಬಣ್ಣ. ಪಕ್ಕೇಲಿ ಕೆಂಪು ಚುಕ್ಕಿ."

ಫಿರ್ಮಿನ್ ಸಡಿಲ ದಾರ ಹಿಡಿದು ನಿಂತೇ ಇದ್ದ. ಕಾಲು ಮರಗಟ್ಟುತ್ತಿತ್ತು. ಮನೆಗೆ ಹೋಗೋಣವೆಂದು ಒಡೆಟ್ ಎರಡು ಸಲ ಪಟ್ಟಿ ಜಗ್ಗಿದಳು.

"ಡಬ್ಬೀಲಿರೋ ಇನ್ನೊಂದು ನೊಣ ಕಟ್ಕೊಡು," ಎಂದು ಅವನು ದಾರದ ತುದಿಯನ್ನು ಅವಳತ್ತ ಚಾಚಿದ. "ಅದು ಅಲ್ಲೇ ಇದೆ. ನಂಗೆ ಗೊತ್ತು."