ತಲೆಯ ದಿಕ್ಕು

೧೯೮೩ರಲ್ಲಿ ಬೆಳಗಾವಿಯ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸಿಸ್ಟರ್ ಗಂಗಾಂಬಿಕಾ ಸಂಶೋಧನೆ ನಡೆಸಿದ್ದಳು. ಏಳಲಾಗದ ರೋಗಿಗಳಲ್ಲಿ ಕಿಟಕಿ ಸಾಲಿನವರನ್ನು ಆಗಾಗ ಮಗ್ಗುಲು ಹೊರಳಿಸುವುದು, ಗೋಡೆ ಸಾಲಿನವರನ್ನು ಬಿದ್ದಲ್ಲೇ ಬಿಡುವುದು. ಯಾರ ಬೆನ್ನು ಹುಣ್ಣಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೆ ಸಾಕೆ? ಸಾಬೀತಾಗಬೇಕಲ್ಲ!

ಸೊಂಟ ಮುರಿದುಕೊಂಡು ಬಂದ ಪಾರಿಶ್ವಾಡದ ಭರಮವ್ವನಿಗೆ ಅದೃಷ್ಟಕ್ಕೆ ಕಿಟಕಿ ಬಳಿಯೇ ಮಂಚ ಸಿಕ್ಕಿತು. ಮರುದಿನ ಬೆಳಿಗ್ಗೆ ಅವಳ ಮಗ, ಕುರಿ ಕಾಯುವ ಕರೆಪ್ಪ, ಸೂರ್ಯ ಮೂಡಿದ ದಿಕ್ಕು ನೋಡಿ ಗಾಬರಿಯಾದ.

"ಅಕ್ಕಾರ, ಅವ್ವನ ತಲಿ ಉತ್ತರಕ್ಕ ಬಂದೈತ್ರಿ. ಹಿಂಗ ಮಲಗಿದ್ರ ಉಳಿಯೂದಿಲ್ರಿ. ಆ ಗ್ವಾಡಿ ಬಾಜೂಕ ಹಾಕ್ರೀ, ಅಲ್ಲಿ ತಲಿ ದಕ್ಷಿಣಕ್ಕ ಬರ್ತೈತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಸಂಶೋಧನೆಯ ಲೆಕ್ಕಕ್ಕೆ ಗೋಡೆ ಸಾಲಿನಲ್ಲಿ ಒಬ್ಬ ರೋಗಿ ಕಡಿಮೆ ಬಿದ್ದಿದ್ದಳು.

"ಆತಪಾ," ಎಂದಳು ಸಿಸ್ಟರ್. "ಆದ್ರ ಅಲ್ಲಿ ಆಕೀನ ನೀನೂ ಹೊರಳಸಬಾರದು, ನೋಡು."

"ನಿಮ್ಮ ಮಾತು ಮೀರಂಗಿಲ್ರಿ."

ಮೀರಲಿಲ್ಲ. "ಬೆನ್ನು ಉರೀತೈತೋ, ಚೂರು ಹೊರಳಸೋ" ಎಂದು ತಾಯಿ ಗೋಗರೆದರೂ ಕೈ ಕಟ್ಟಿ ಕೂತ. ಬೆನ್ನು ಕೊಳೆತು, ಎಲುಬು ಕಂಡು, ಭರಮವ್ವ ಸತ್ತಳು.

ಸಂಶೋಧನೆಗೆ ಮೆಚ್ಚುಗೆ ಬಂತು. ಎರಡೂ ಸಾಲಿನವರನ್ನು ಹೊರಳಿಸಬೇಕೆಂದು ಆಸ್ಪತ್ರೆ ಆದೇಶ ಹೊರಡಿಸಿತು. ಆ ವಾರವೇ ಕರೆಪ್ಪ ಹೊಸ ಕಂಬಳಿ ತಂದು ಸಿಸ್ಟರ್ ಮುಂದಿಟ್ಟ.

"ನೀವು ಜಾಗಾ ಬದಲಿ ಮಾಡಿ ಕೊಟ್ರಿ, ಪುಣ್ಯಾ ಬರ್ಲಿ. ಆದ್ರ ಒಂದು ರಾತ್ರಿ ಉತ್ತರಕ್ಕ ಮಲಗಿದ್ಲಲ್ರಿ, ಅದ ತಿಂತು ಆಕೀನ."

"ಹೌದಪಾ. ನೀ ಆವತ್ತ ರಾತ್ರೀನ ಹೇಳಬೇಕಿತ್ತು," ಎನ್ನುತ್ತ ಸಿಸ್ಟರ್ ಕಂಬಳಿಯನ್ನು ಎರಡೂ ಮಗ್ಗುಲು ಹೊರಳಿಸಿ ನೋಡಿದಳು.