ಬೇಲಿ ನುಂಗಿದ ಏಳು ಅಡಿ

ಮಳೆಗಾಲದ ಬೆಳಿಗ್ಗೆ ಆರೂವರೆಗೆ ನಮ್ಮ ಸ್ಪ್ರಿಂಗ್ ವ್ಯಾಲಿಯ ಲೇನ್‌ಗಳಲ್ಲಿ ಯಾರು ನಡೆಯುತ್ತಾರೆ? ನಾವಂತೂ ಅಲ್ಲ. ನಾವು ಗೇಟಿನೊಳಗೇ ಕಾರು ಹತ್ತಿ ಗೇಟಿನೊಳಗೇ ಇಳಿಯುವ ಜನ. ನಡೆಯುವವರು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಮಕ್ಕಳನ್ನು ನೋಡಿಕೊಳ್ಳುವವರು, ತೋಟದ ಕೆಲಸದವರು. ಮಟಾಟು ವ್ಯಾನು ಅವರನ್ನು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗಿಬಿಡುತ್ತದೆ. ಅಲ್ಲಿಂದ ಒಳಗೆ ಇಪ್ಪತ್ತು ನಿಮಿಷದ ನಡಿಗೆ. ಫುಟ್‌ಪಾತ್ ಇಲ್ಲ. ಎರಡೂ ಕಡೆ ಮುಳ್ಳುಬೇಲಿ, ನಡುವೆ ಟಾರು, ಟಾರಿನ ಮೇಲೆ ನಮ್ಮ ಕಾರುಗಳು.

ಈ ಕಥೆ ಹಾಗೆ ನಡೆದು ಬರುತ್ತಿದ್ದ ಒಬ್ಬ ಹೆಂಗಸಿನದು. ಬರೆಯುತ್ತಿರುವ ನಾನು ಜಯಲಕ್ಷ್ಮಿ, ಈ ಸ್ವಾಹಿಲಿ ನಾಡಿನಲ್ಲಿರುವ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದವಳು. ಸಂಘದ ಹಾಳೆಗೆ ಸಾಮಾನ್ಯವಾಗಿ ಅಡುಗೆ, ಮನೆಮದ್ದು ಬರೆದುಕೊಡುತ್ತೇನೆ. ಈ ಸಲ ಸಿಟ್ಟು ಬಂದು ಬರೆಯುತ್ತಿದ್ದೇನೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ವಾಮನ ಅವರು ಕಾಲೇಜಿನಲ್ಲಿ ಗಣಿತದ ಲೆಕ್ಚರರ್, ಮೈಸೂರಿನವರು. ಹೆಂಡತಿ ಕಮಲಾ. ಮೊದಲು ಇಬ್ಬರೂ ಇದೇ ಊರಿನ ನ್ಗಾರಾದಲ್ಲಿ ಒಂದು ಫ್ಲಾಟಿನಲ್ಲಿದ್ದರು. ಎಂಬತ್ತೆರಡರ ಆಗಸ್ಟ್‌ನಲ್ಲಿ ಸೈನಿಕರು ದಂಗೆ ಎದ್ದಾಗ ಅವರ ಮನೆಯ ಕೆಳಗಿನ ಅಂಗಡಿಯನ್ನು ಒಡೆದು ದೋಚಿದರು. ಕಮಲಾ ಇಡೀ ದಿನ ಬಾತ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಮರುವರ್ಷ ಸ್ಪ್ರಿಂಗ್ ವ್ಯಾಲಿಗೆ ಮನೆ ಬದಲಿಸಿದರು. ಬಂದ ವಾರವೇ ತಂತಿಬೇಲಿಯ ಹೊರಗೆ ಎರಡು ಸಾಲು ಕೇ-ಆಪಲ್ ಗಿಡ ನೆಡಿಸಿದರು. ಈ ಗಿಡದ ಮುಳ್ಳು ಬೆರಳುದ್ದ ಇರುತ್ತದೆ, ಇದರೊಳಗೆ ಬೆಕ್ಕೂ ನುಗ್ಗದು. ಅಂಥ ದಿನ ಕಂಡವರು ಮುಳ್ಳು ನೆಟ್ಟರೆ ನಾನು ನಗುವುದಿಲ್ಲ. ಆದರೆ ನೆಟ್ಟದ್ದು ತಮ್ಮ ಜಾಗದಲ್ಲಲ್ಲ, ರಸ್ತೆಯ ಅಂಚಿನಲ್ಲಿ. ಅವರನ್ನು ನೋಡಿ ಪಕ್ಕದವರು ನೆಟ್ಟರು, ಪಕ್ಕದವರನ್ನು ನೋಡಿ ಎದುರಿನವರು ನೆಟ್ಟರು. ಹನ್ನೊಂದು ವರ್ಷದಲ್ಲಿ ಬೇಲಿ ಟಾರಿನವರೆಗೂ ಬಂತು. ಒಳಮುಖವನ್ನು ಎಲ್ಲರೂ ಕತ್ತರಿಸುತ್ತಿದ್ದರು, ಹೊರಮುಖ ಯಾರ ಕಣ್ಣಿಗೂ ಬೀಳಲಿಲ್ಲ.

ಕಳೆದ ಮಾರ್ಚ್‌ನಲ್ಲಿ ನಗರದ ಕಚೇರಿಯಿಂದ ನೋಟಿಸ್ ಬಂತು. ನಮ್ಮ ಲೇನನ್ನು ಅಗಲ ಮಾಡುವ ಯೋಜನೆಯಿದೆ, ನಕ್ಷೆಯನ್ನು ಕಚೇರಿಯ ಹಾಲ್‌ನಲ್ಲಿ ಹಾಕಿದ್ದೇವೆ, ಶನಿವಾರ ಮಧ್ಯಾಹ್ನ ನಿವಾಸಿಗಳ ಸಭೆ, ಬಂದು ಅಭಿಪ್ರಾಯ ಹೇಳಿ ಎಂದು. ಅದನ್ನು ಹಿಡಿದುಕೊಂಡು ಫಿಲೋಮಿನಾ ಅವರು ವಾಮನ ಅವರ ಮನೆಗೆ ಬಂದರು. ಫಿಲೋಮಿನಾ ಮಂಗಳೂರಿನವರು, ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್, ಪಕ್ಕದ ಲೇನ್‌ನಲ್ಲಿ ಮನೆ. ಅವತ್ತು ನಾನೂ ಅಲ್ಲೇ ಇದ್ದೆ, ಯುಗಾದಿ ಊಟದ ಪಟ್ಟಿ ಬರೆಯುವುದಕ್ಕೆ ಹೋಗಿದ್ದೆ.

"ಪ್ರೊಫೆಸರೇ, ನಾನು ನಕ್ಷೆ ನೋಡಿ ಬಂದೆ. ಅದರಲ್ಲಿ ಫುಟ್‌ಪಾತೇ ಇಲ್ಲ. ಯಾಕೆ ಅಂತ ಕೇಳಿದರೆ ಜಾಗ ಇಲ್ಲ ಅಂತಾರೆ. ಜಾಗ ಉಂಟು, ನಮ್ಮ ಬೇಲಿಯ ಅಡಿಯಲ್ಲಿ ಉಂಟು" ಎಂದರು ಫಿಲೋಮಿನಾ.

ವಾಮನ ನಕ್ಕರು. "ಸಿಸ್ಟರ್, ಇಲ್ಲಿ ಯಾರು ನಡೀತಾರೆ ಹೇಳಿ?"

"ನಿಮ್ಮ ಮೇರಿ ನಡೆಯುವುದಿಲ್ವಾ?"

ಮೇರಿ ಆಗಷ್ಟೇ ಕಾಫಿ ತಂದಿದ್ದಳು. ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಕೆಲಸ. ಕಾಂಗೆಮಿಯಿಂದ ಮಟಾಟುವಿನಲ್ಲಿ ಬರುತ್ತಿದ್ದಳು, ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ನಮ್ಮವರಿಗಿಂತ ಚೆನ್ನಾಗಿ ಚಪಾತಿ ಲಟ್ಟಿಸುತ್ತಿದ್ದಳು. "ಬೇಗ ಬಾ", "ಉಪ್ಪು ಸಾಕು" ಎಂಬಷ್ಟು ಕನ್ನಡವೂ ಬರುತ್ತಿತ್ತು.

ವಾಮನ ಅವಳ ಕಡೆ ತಿರುಗಿ ಸ್ವಾಹಿಲಿಯಲ್ಲಿ ಕೇಳಿದರು, "ಮೇರಿ, ನಡೆದು ಬರೋಕೆ ರಸ್ತೆ ಸರಿಯಿದೆಯಾ?"

"ಸವಾ, ಬ್ವಾನಾ," ಸರಿಯಿದೆ ಯಜಮಾನರೇ ಎಂದು ಹೇಳಿ ಟ್ರೇ ಇಟ್ಟು ಒಳಗೆ ಹೋದಳು.

"ನೋಡಿದ್ರಾ? ಅವಳೇ ಸರಿ ಅಂತಿದ್ದಾಳೆ."

"ಸಂಬಳ ಕೊಡುವವರು ಕೇಳಿದರೆ ಅವಳು ಬೇರೆ ಎಂಥ ಹೇಳುವುದು ಮಾರಾಯ್ರೆ?" ಫಿಲೋಮಿನಾ ಅವರ ದನಿ ಗಟ್ಟಿಯಾಯಿತು. "ವಾರಕ್ಕೆ ಇಬ್ಬರಾದರೂ ಬರ್ತಾರೆ ನಮ್ಮಲ್ಲಿಗೆ. ಎಲ್ಲ ನಡೆಯುವವರೇ. ಕಾಲು ಮುರಿದು, ತಲೆ ಒಡೆದು. ಬ್ಯಾಂಡೇಜ್ ಕಟ್ಟುವುದು ನಾನು."

"ಅಲ್ಲ ಸಿಸ್ಟರ್, ಊರಾಚೆ ಹೋದ್ರೆ ಟೋಲ್ ಕಟ್ತೀವಿ, ಇಲ್ಲಿ ಮನೆಗೆ ರೇಟ್ಸ್ ಅಂತ ತೆರಿಗೆ ಕಟ್ತೀವಿ. ಫುಟ್‌ಪಾತ್ ಮಾಡೋದು, ಕ್ಲೀನ್ ಇಡೋದು ಅವರ ಡ್ಯೂಟಿ ಅಲ್ವಾ? ನಾನ್ಯಾಕೆ ಬೇಲಿ ಕಡೀಬೇಕು?"

"ನನ್ನ ತಂಗಿ ಫ್ರೀಡಾ ಕೆನಡಾದಲ್ಲಿದ್ದಾಳೆ. ಅವರ ಊರಲ್ಲಿ ರಾತ್ರಿ ಮಂಜು ಬಿದ್ದರೆ, ಬೆಳಿಗ್ಗೆ ಎದ್ದು ತನ್ನ ಮನೆ ಎದುರಿನ ಫುಟ್‌ಪಾತಿನ ಮಂಜು ತಾನೇ ಎತ್ತಿ ಹಾಕಬೇಕು. ಅವಳೂ ತೆರಿಗೆ ಕಟ್ತಾಳೆ, ಗೊತ್ತುಂಟಾ? ಆದರೂ ಯಾರೋ ಅಜ್ಜಿ ಜಾರಿ ಬಿದ್ದರೆ ಅಂತ ಎತ್ತುತ್ತಾಳೆ. ಅಲ್ಲಿ ಮಂಜು ಆಕಾಶದಿಂದ ಬೀಳುವುದು. ಇಲ್ಲಿ ಮುಳ್ಳು ನಾವೇ ನೆಟ್ಟದ್ದು."

ವಾಮನ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. "ನಾವು ಹೊರಗಿನಿಂದ ಬಂದವರು. ಸಭೆಗೆ ಹೋಗಿ ಕೈ ಎತ್ತಿ ಮಾತಾಡಿದ್ರೆ ನಾಳೆ ಎಲ್ಲರ ಕಣ್ಣು ನಮ್ಮ ಮೇಲೆ. ಬಾಯಿ ಮುಚ್ಕೊಂಡಿದ್ರೇನೇ ಕ್ಷೇಮ. ಏನಂತೀರಿ ಜಯಲಕ್ಷ್ಮಿ?"

ನಾನು ಏನೆಂದೆ ಗೊತ್ತೇ? "ಶನಿವಾರ ಅಂದ್ರೆ ನಮ್ಮ ಯುಗಾದಿ ಊಟ ಅಲ್ವಾ? ಒಂದು ಗಂಟೆಗೆ ಸರಿಯಾಗಿ ಎಲೆ ಹಾಕ್ತೀವಿ" ಎಂದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಶನಿವಾರ ಇಡೀ ಲೇನ್ ನಮ್ಮ ಪಂಕ್ತಿಯಲ್ಲಿ ಕುಳಿತಿತ್ತು. ಒಬ್ಬಟ್ಟು ಚೆನ್ನಾಗಿತ್ತೆಂದು ಎಲ್ಲರೂ ಹೊಗಳಿದರು. ಸಭೆಗೆ ಹೋದವರು ಫಿಲೋಮಿನಾ, ಒಬ್ಬ ಕಾವಲುಗಾರ ಮತ್ತು ಮನೆಗೆಲಸದ ಮೂವರು ಹೆಂಗಸರು. ಮನೆಯ ಮಾಲೀಕರು ಎಲ್ಲಿ ಎಂದು ಅಧಿಕಾರಿ ಕೇಳಿದರಂತೆ. ಬರೆದು ಕೊಡುವುದಕ್ಕೆ ಇನ್ನೂ ಎರಡು ವಾರ ಇದೆ ಎಂದರಂತೆ.

ಮಂಗಳವಾರ ಬೆಳಿಗ್ಗೆ ಜೋರು ಮಳೆ. ಆರೂವರೆ ಆಯಿತು, ಆರು ಮುಕ್ಕಾಲಾಯಿತು. "ಇವಳು ಇವತ್ತು ಚಕ್ಕರ್" ಎಂದು ಗೊಣಗುತ್ತ ಕಮಲಾ ತಾವೇ ಹಾಲು ಕಾಯಿಸಿದರು. ಅಷ್ಟರಲ್ಲಿ ಎದುರು ಮನೆಯ ಕಾವಲುಗಾರ ಬಂದು ಗೇಟು ಬಡಿದ.

ಮೇರಿ ವಾಮನ ಅವರ ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಬಿದ್ದಿದ್ದಳು. ಎದುರಿನಿಂದ ಒಂದು ಕಾರು ಬಂದಿತ್ತು, ಹಿಂದಿನಿಂದ ಇನ್ನೊಂದು. ಟಾರಿನಿಂದ ಇಳಿಯಲು ಜಾಗವಿಲ್ಲದೆ ಅವಳು ಅವರದೇ ಬೇಲಿಗೆ ಒತ್ತಿ ನಿಂತಳಂತೆ. ಸ್ವೆಟರ್ ಮುಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದಾಗ ಸಮತೋಲ ತಪ್ಪಿ ರಸ್ತೆಗೇ ಬಿದ್ದಳು, ಹಿಂದಿನಿಂದ ಬಂದ ಕಾರು ಬಡಿಯಿತು. ಕಾರಿನವನು ಓಡಿಹೋಗಲಿಲ್ಲ. ಮಳೆಯಲ್ಲೇ ನಿಂತು ಅಳುತ್ತಿದ್ದ. ಅವನದು ಅತಿವೇಗವೂ ಅಲ್ಲ. ಅರ್ಧ ಸ್ವೆಟರ್ ಬೇಲಿಯಲ್ಲೇ ಇತ್ತು.

ವಾಮನ ಅವಳನ್ನು ತಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಡ್ಯೂಟಿಯಲ್ಲಿ ಫಿಲೋಮಿನಾ ಇದ್ದರು. ಮೇರಿಗೆ ಬ್ಯಾಂಡೇಜ್ ಕಟ್ಟಿದ್ದೂ ಅವರೇ. ಮೇರಿ ಗುರುವಾರ ತೀರಿಕೊಂಡಳು. ಅವಳಿಗೆ ಮೂವತ್ತೊಂಬತ್ತು ವರ್ಷ.

ಮರುವಾರ ಕಮಲಾ ಕಾಂಗೆಮಿಗೆ ಮೇರಿಯ ಮಕ್ಕಳನ್ನು ನೋಡಲು ಹೋದರು. ಬರುವಾಗ ವಾಮನ ಕಾಲೇಜಿನಲ್ಲಿದ್ದುದರಿಂದ ಕಾರಿರಲಿಲ್ಲ. ಮಟಾಟು ಹತ್ತಿ, ದೊಡ್ಡ ರಸ್ತೆಯಲ್ಲಿ ಇಳಿದು, ನಡೆದು ಬಂದರು. ಮನೆ ಮುಟ್ಟಿದಾಗ ಸೀರೆಯ ಸೆರಗು ಹರಿದಿತ್ತು, ತೋಳಿನಲ್ಲಿ ರಕ್ತದ ಗೆರೆಗಳಿದ್ದವು. ಸಂಜೆ ಗಂಡ ಬರುವವರೆಗೂ ಅವರು ಸೀರೆ ಬದಲಿಸಲಿಲ್ಲ.

"ರೀ, ಹನ್ನೊಂದು ವರ್ಷದಲ್ಲಿ ನಾನು ಒಂದು ಸಲಾನೂ ನಮ್ಮನೆಗೆ ನಡ್ಕೊಂಡು ಬಂದಿರಲಿಲ್ಲ. ಇವತ್ತು ಬಂದೆ. ಕಾರು ಬಂದಾಗೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ನಿಂತೆ. ಬೇರೆಯವರ ಬೇಲಿ ಹತ್ರ ಒಂದು ಕಾಲಿಡೋಕಾದ್ರೂ ಆಗತ್ತೆ ರೀ. ನಮ್ಮ ಬೇಲಿ ಹತ್ರ ಅದೂ ಆಗಲ್ಲ."

"ಕಮಲಾ, ಅವತ್ತು ಅವಳೇ..."

"ಅವಳು ಹೇಳಿದ್ದು ಬಿಡಿ. ಕಳ್ಳರು ಬರ್ತಾರೆ ಅಂತ ಮುಳ್ಳು ನೆಟ್ವಿ. ಹನ್ನೊಂದು ವರ್ಷದಲ್ಲಿ ಒಬ್ಬ ಕಳ್ಳನೂ ಸಿಕ್ಕಿಹಾಕಿಕೊಳ್ಳಲಿಲ್ಲ. ಸಿಕ್ಕಿಹಾಕಿಕೊಂಡವಳು ಅವಳು. ನಾವು ಕೊಂದ್ವಿ ರೀ ಅವಳನ್ನ."



ಮರುದಿನ ಬೆಳಿಗ್ಗೆ ವಾಮನ ಬೀರುವಿನಿಂದ ಜಾಗದ ಪತ್ರ ತೆಗೆದು, ಟೇಪು ಹಿಡಿದು ಗಡಿಕಲ್ಲು ಹುಡುಕಿದರು. ಎಷ್ಟೋ ವರ್ಷ ಮಕ್ಕಳಿಗೆ ಅಳತೆ ಕಲಿಸಿದವರು ತಮ್ಮ ಬೇಲಿಯನ್ನು ಅಳೆದದ್ದು ಅದೇ ಮೊದಲು. ಕಲ್ಲು ಬೇರುಗಳ ನಡುವೆ ಹೂತುಹೋಗಿತ್ತು. ಕಲ್ಲಿನಿಂದ ಟಾರಿನವರೆಗೆ ಏಳು ಅಡಿ. ಅಷ್ಟೂ ಊರಿನ ಜಾಗ, ನಡೆಯುವವರ ಜಾಗ. ವಾಮನ ಆಳು ಕರೆಯಲಿಲ್ಲ. ಮಚ್ಚು ಹಿಡಿದು ತಾವೇ ಕಡಿಯತೊಡಗಿದರು, ಮೂರು ದಿನ ಕಡಿದರು. ನೋಡಲು ಹೋದ ನಾನೂ ಕೊಂಬೆ ಎಳೆದು ಹಾಕಿದೆ. ನನ್ನ ಮನೆಯ ಬೇಲಿಗೆ ನಾಲ್ಕನೆಯ ದಿನ ಮಚ್ಚು ಬಿತ್ತು.

ಆಮೇಲೆ ವಾಮನ ಫಿಲೋಮಿನಾ ಅವರ ಜೊತೆ ನಗರದ ಕಚೇರಿಗೆ ಹೋದರು. ಎರಡು ವಾರದ ಗಡುವಿಗೆ ಒಂದೇ ದಿನ ಉಳಿದಿತ್ತು. ಅಳತೆ ಬರೆದು, ಸಹಿ ಹಾಕಿ, ಫುಟ್‌ಪಾತ್ ಬೇಕು ಎಂದು ಕೇಳಿದರು. ಯಾರೂ ಅವರನ್ನು ನೀವು ಎಲ್ಲಿಯವರು ಎಂದು ಕೇಳಲಿಲ್ಲ. ಅಧಿಕಾರಿ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, "ಎಲ್ಲ ಮನೆಯವರೂ ಬೇಲಿ ಹಿಂದಕ್ಕೆ ತಂದರೆ ಫುಟ್‌ಪಾತ್ ಆಗುತ್ತದೆ. ಒಬ್ಬರು ತರದಿದ್ದರೂ ಅಲ್ಲಿಗೆ ನಿಲ್ಲುತ್ತದೆ" ಎಂದರು. ಇಷ್ಟು ಸುಲಭವಾಗಿತ್ತು. ಒಂದು ಶನಿವಾರದ ಊಟ ಬಿಟ್ಟಿದ್ದರೆ ಸಾಕಿತ್ತು.

ನಮ್ಮ ಲೇನ್‌ನಲ್ಲಿ ಹನ್ನೊಂದು ಮನೆ. ಇವತ್ತಿಗೆ ಹತ್ತು ಮನೆಯವರು ಕಡಿದಿದ್ದಾರೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪಾರ್ಕ್‌ಲ್ಯಾಂಡ್ಸ್ ಇರಲಿ, ನ್ಗಾರಾ ಇರಲಿ, ನಿಮ್ಮ ಗೇಟಿನಿಂದ ಒಂದು ಸಲ ಕಾಲ್ನಡಿಗೆಯಲ್ಲಿ ಹೊರಗೆ ಬನ್ನಿ. ಮಟಾಟು ನಿಲ್ಲುವಲ್ಲಿಯವರೆಗೆ ಹೋಗಿ ವಾಪಸ್ ಬನ್ನಿ. ನಿಮ್ಮ ಗಡಿಕಲ್ಲು ಎಲ್ಲಿದೆ ಹುಡುಕಿ. ಅದರಾಚೆಗಿನ ಗಿಡ, ಮಣ್ಣಿನ ಗುಡ್ಡೆ, ಹೂಕುಂಡ, ಏನಿದ್ದರೂ ತೆಗೆಯಿರಿ. ರಸ್ತೆಯ ನೋಟಿಸ್ ಬಂದರೆ ಮಡಚಿ ಇಡಬೇಡಿ, ಸಭೆಗೆ ಹೋಗಿ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರನ್ನೂ ಕರೆದುಕೊಂಡು ಹೋಗಿ, ಅವರು ಮಾತನಾಡಲಿ. ಆ ರಸ್ತೆ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಇನ್ನೊಂದು ಮಾತು, ಆ ಹನ್ನೊಂದನೆಯ ಮನೆಯವರಿಗೆ. ನೀವು ನಮ್ಮ ಸಂಘದವರೇ, ಈ ಹಾಳೆ ನಿಮ್ಮ ಕೈಗೆ ಬರುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕಳೆದ ಸೋಮವಾರದಿಂದ ನಿಮ್ಮ ಮಗುವನ್ನು ನೋಡಿಕೊಳ್ಳಲು ಬರುತ್ತಿರುವ ಹತ್ತೊಂಬತ್ತು ವರ್ಷದ ಹುಡುಗಿ ನ್ಜೇರಿ ಮೇರಿಯ ದೊಡ್ಡ ಮಗಳು. ಅವಳಾಗಿ ನಿಮಗೆ ಹೇಳಿರಲಾರಳು. ನಾಳೆ ಬೆಳಿಗ್ಗೆ ಆರೂವರೆಗೆ ಅವಳು ನಿಮ್ಮ ಬೇಲಿಯ ಪಕ್ಕದಲ್ಲಿ ನಡೆದು ಬರುತ್ತಾಳೆ. ಇವತ್ತೇ ಕಡಿಯಿರಿ.