ಬಲಗಾಲಿನ ಅಟ್ಟೆ

ಅಟ್ಟೆ ಕೊರೆಯುವ ಯಂತ್ರ ನಿಂತಾಗಲೆಲ್ಲ ಬೂಟಕ್ಕ ಗಾಳಿಯ ಪೈಪು ಎಳೆದುಕೊಂಡು ಮೇಜು, ಕಿಟಕಿ, ಕಂಪ್ಯೂಟರುಗಳ ಮೇಲಿನ ರಬ್ಬರಿನ ಪುಡಿಯನ್ನು ಊದಿ ಹಾರಿಸುತ್ತಿದ್ದಳು. ಪೊರಕೆಗೆ ಬಗ್ಗುವ ಪುಡಿಯಲ್ಲ ಅದು. ಆ ಬೆಳಿಗ್ಗೆಯೂ ಊದುತ್ತ ತಿರುಗಿದಾಗ ಪೈಪು ಕಂಪ್ಯೂಟರಿನ ಮಗ್ಗುಲಿಗೆ ಸಿಕ್ಕಿಕೊಂಡಿತು. ಎಂದಿನಂತೆ ಒಮ್ಮೆ ಜಗ್ಗಿದಳು. ಟಕ್ ಎಂದಿತು. ಅಲ್ಲಿ ಚುಚ್ಚಿದ್ದ, ಸಾಫ್ಟ್‌ವೇರಿಗೆ ಕೀಲಿಯಾಗಿದ್ದ ಹೆಬ್ಬೆರಳಿನಷ್ಟು ಡಾಂಗಲ್ ಎರಡು ತುಂಡಾಗಿ ನೆಲಕ್ಕೆ ಬಿತ್ತು.

ಪರದೆಯ ಮೇಲೆ ಕೆಂಪಕ್ಷರ ಮೂಡಿತು: ‘ಕೀಲಿ ಕಾಣುತ್ತಿಲ್ಲ. ನೀವು ಅಧಿಕೃತ ಬಳಕೆದಾರರಲ್ಲ.’

“ನಾನಲ್ದೆ ಮತ್ತೆ ನಿಮ್ಮಪ್ಪನಾ?” ಎಂದು ಅವಳು ಪರದೆಗೇ ಬೈದಳು.

ಕಾಲಿನ ತೊಂದರೆ ಇರುವವರಿಗೆ ಅಳತೆಗೆ ತಕ್ಕ ಬೂಟು ಮಾಡಿಕೊಡುವುದು ಅವಳ ಕಸುಬು. ಪಾದದ ಉಬ್ಬುತಗ್ಗುಗಳನ್ನು ಹಿಡಿದಿಟ್ಟು, ಯಂತ್ರಕ್ಕೆ ಅಟ್ಟೆ ಕೊರೆಯಲು ಹೇಳಿಕೊಡುವ ಸಾಫ್ಟ್‌ವೇರನ್ನು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡಿನಲ್ಲಿ ಕೊಂಡಿದ್ದಳು. ಕೊಂಡದ್ದು ಅವಳು. ಆದರೆ ಅದು ನಂಬುತ್ತಿದ್ದುದು ಆ ಪ್ಲಾಸ್ಟಿಕ್ ತುಂಡನ್ನು ಮಾತ್ರ.

ಬೆಂಚಿನ ಮೇಲೆ ಅಪ್ಪನ ಪಕ್ಕದಲ್ಲಿ ಹುಡುಗಿಯೊಬ್ಬಳು ಕಾಲಾಡಿಸುತ್ತ ಕೂತಿದ್ದಳು. ಅವಳ ಬಲಪಾದಕ್ಕೆ ಹುಟ್ಟಿನಿಂದಲೇ ನೋವು ತಿಳಿಯದು. ಬೂಟು ಕಚ್ಚಿದರೂ ಗೊತ್ತಾಗದೆ ಕುಣಿದಾಡುತ್ತಾಳೆ. ಹಿಂದೊಮ್ಮೆ ಹಾಗೇ ಗಾಯವಾಗಿ ಮೂಳೆಯವರೆಗೂ ಹೋಗಿತ್ತು. ಮತ್ತೆ ಬಾಯಿ ಬಿಟ್ಟರೆ ಬೆರಳು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಳೆಯ ಬೂಟು ಬಿಗಿಯಾಗಿ, ವಾಸಿಯಾದ ಜಾಗ ಆಗಲೇ ಕೆಂಪೇರಿತ್ತು. ಹೊಸ ಜೋಡಿಯ ಎಡ ಅಟ್ಟೆ ಸಿದ್ಧವಾಗಿತ್ತು, ಬಲಗಾಲಿನದು ಇನ್ನೂ ಕೊರೆಯಬೇಕಿತ್ತು.

“ಕೈಯಲ್ಲೇ ಮಾಡಕ್ಕಾಗಲ್ವಾ ಅಕ್ಕ?” ಎಂದ ಅಪ್ಪ.

“ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಅದೇ ಜಾಗ ಉಜ್ಜುತ್ತೆ. ಅಳತೆ ಇಲ್ಲೇ, ನನ್ ಕಂಪ್ಯೂಟರ್‌ನಲ್ಲೇ ಇದೆ. ನನಗೇ ತೋರಿಸಲ್ಲ ಅಂತ ಕೂತಿದೆ. ಇವಳನ್ನ ಸ್ವಲ್ಪ ದಿನ ನಡೆಸದೆ ಇಟ್ಕೊಳ್ಳಕ್ಕಾಗುತ್ತಾ?”

“ಕೂತ್ಕೊ ಅಂದ್ರೆ ಕೂರೋ ಮಗೂನಾ ಇದು?”

ಗಲಾಟೆ ಕೇಳಿ ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರಿನಿಂದ ಬೋರ್ಡು ಮಾಡುವವನು ಇಣುಕಿದ. “ನನ್ ಸಾಫ್ಟ್‌ವೇರ್ ನೋಡಿ, ಕಳ್ಳ ಮಾಲು. ಡಾಂಗಲ್ಲೂ ಇಲ್ಲ, ತಲೆನೋವೂ ಇಲ್ಲ. ನಿಮ್ದೂ ಅಂಥದ್ದು ಸಿಗುತ್ತೆ. ಹಾಕ್ಸಿಕೊಡ್ಲಾ?”

ಬೂಟಕ್ಕನಿಗೆ ಮೈಯೆಲ್ಲ ಉರಿಯಿತು. ಕದ್ದವನು ಹಾಯಾಗಿದ್ದಾನೆ, ಕೊಂಡವಳು ತಲೆ ಮೇಲೆ ಕೈ ಹೊತ್ತು ಕೂರಬೇಕು! “ಕಾಸು ಕೊಟ್ಟೋಳು ನಾನು. ನಾನ್ಯಾಕಪ್ಪ ಕಳ್ಳಿ ಆಗ್ಲಿ?” ಎಂದವಳೇ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅಪ್ಪ ಮಗಳನ್ನು ಅಲ್ಲೇ ಕೂರಿಸಿ, ಸಾಫ್ಟ್‌ವೇರು ಮಾರಿದವನ ಮಳಿಗೆಗೆ ಹೊರಟಳು.

ಮಳಿಗೆಯಲ್ಲಿ ಅದೇ ಸಾಫ್ಟ್‌ವೇರು ಗೋಡೆಯಗಲದ ಪರದೆಯ ಮೇಲೆ ಥಳಥಳಿಸುತ್ತಿತ್ತು. ಹೊಸದಾಗಿ ಕೊಳ್ಳಲು ಬಂದ ಹಿರಿಯರೊಬ್ಬರ ಮುಂದೆ ಮಾರಾಟದವನು ಬೆಣ್ಣೆಯಂಥ ಮಾತಾಡುತ್ತಿದ್ದ. ಬೂಟಕ್ಕ ನಡುವೆ ನುಗ್ಗಿ ಕರವಸ್ತ್ರ ಬಿಚ್ಚಿದಳು.

ಅವನ ನಗು ಕುಂದಿತು. “ಇದನ್ನ ಹೆಡ್ಡಾಫೀಸಿಗೆ ಕಳಿಸ್ಬೇಕು ಮೇಡಂ. ನಿಜವಾಗ್ಲೂ ಮುರಿದಿದ್ಯಾ ಅಂತ ಅವರು ಪರೀಕ್ಷೆ ಮಾಡಿ, ಒಪ್ಪಿದ್ರೆ ಹೊಸದು ಕೊಡ್ತಾರೆ. ಒಂದು ತಿಂಗಳಾಗ್ಬಹುದು.”

“ಎರಡು ತುಂಡಾಗಿ ಕಣ್ಮುಂದೆ ಬಿದ್ದಿದೆ. ಇನ್ನೇನ್ ಪರೀಕ್ಷೆ?”

“ರೂಲ್ಸ್ ಮೇಡಂ.”

“ಆ ಮಗು ಕಾಲಿಗೆ ಹೋಗಿ ಹೇಳಪ್ಪ ನಿನ್ ರೂಲ್ಸು! ತಿಂಗಳಾದ್ಮೇಲೆ ಅದಕ್ಕೆ ಬೆರಳೇ ಇರಲ್ಲ.” ಅವಳ ದನಿಗೆ ಮಳಿಗೆಯೆಲ್ಲ ತಿರುಗಿ ನೋಡಿತು. ಹುಡುಗಿಯ ಕಥೆಯನ್ನು ಅವಳು ಏದುಸಿರು ಬಿಡುತ್ತ ಹೇಳಿ ಮುಗಿಸಿದಳು.

ಮಾರಾಟದವನು ತಗ್ಗಿದ ದನಿಯಲ್ಲಿ ಹೇಳಿದ: “ನಮ್ ಕಷ್ಟಾನೂ ಕೇಳಿ. ಮುಂಚೆ ಡಾಂಗಲ್ ಇರ್ಲಿಲ್ಲ. ಒಬ್ಬ ಕೊಂಡ್ರೆ ಊರೆಲ್ಲ ನಕಲು ಮಾಡ್ಕೊಳ್ತಿತ್ತು. ಇದನ್ನ ಬರೆದ ಹುಡುಗರು ಕೆಲಸ ಕಳ್ಕೊಂಡ್ರು. ನನಗೂ ಸಂಬಳ ನಿಂತಿತ್ತು. ಮುರೀತು ಅಂತ ಸುಳ್ಳು ಹೇಳಿ ಎರಡನೇದು ತಗೊಂಡೋರೂ ಇದ್ದಾರೆ.”

ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಬೋರ್ಡಿನವನ ಹಲ್ಲುಕಿರಿತ ಕಣ್ಮುಂದೆ ಬಂತು. ಆದರೂ ಕೋಪ ಇಳಿಯಲಿಲ್ಲ. “ಕಳ್ಳರು ನಿಮ್ ಕೈಗೆ ಸಿಗಲ್ಲ. ನಾನು ಸಿಕ್ಕೆ, ಬಿಲ್ಲು ಹಿಡ್ಕೊಂಡು ಬಂದೆ ನೋಡಿ! ಅದಕ್ಕೇ ನನ್ ಕೈಗೆ ಕೋಳ, ಅಲ್ವಾ?”

ಕೊಳ್ಳಲು ಬಂದಿದ್ದ ಹಿರಿಯರು ಕೇಳಿದರು: “ನಾನೂ ಇದನ್ನೇ ತಗೊಂಡು, ನಂದೂ ಹೀಗೇ ಮುರಿದ್ರೆ?”

ಮಾರಾಟದವನು ಬಾಯಿ ತೆರೆದ. ‘ಹಾಗೆಲ್ಲ ಆಗೋದೇ ಇಲ್ಲ ಸಾರ್’ ಎನ್ನುವ ಮಾತು ಅವನ ನಾಲಗೆ ತುದಿಯಲ್ಲೇ ಇರುತ್ತಿತ್ತು, ಎಷ್ಟು ಜನರಿಗೆ ಹೇಳಿದ್ದನೋ. ಇಂದು ಅದು ಹೊರಬರಲಿಲ್ಲ.

“ನಿಮಗೂ ಇದೇ ಗತಿ ಸಾರ್,” ಎಂದ.

ಹಿಂದಕ್ಕೆ ಬಗ್ಗಿ ಪ್ರದರ್ಶನದ ಕಂಪ್ಯೂಟರಿನ ಡಾಂಗಲ್ ಕಿತ್ತ. ದೊಡ್ಡ ಪರದೆಯ ಮೇಲೆ ಅದೇ ಕೆಂಪಕ್ಷರ ಮೂಡಿತು. ಡಾಂಗಲನ್ನು ಬೂಟಕ್ಕನ ಮುಂದೆ ಹಿಡಿದ. “ಇದ್ರಲ್ಲಿ ನಿಮ್ದೂ ಕೆಲಸ ಮಾಡುತ್ತೆ. ಮಗೂದು ಮುಗಿಸ್ಕೊಳ್ಳಿ.”

ಅವಳು ತಬ್ಬಿಬ್ಬಾದಳು. “ಏನಾದ್ರೂ ಬರ್ಕೊಡ್ಲಾ?”

“ಬೇಡಕ್ಕ. ನಾಳೆ ತಂದ್ಕೊಡಿ, ಸಾಕು.”

ಸಂಜೆಗೆಲ್ಲ ಬಲಗಾಲಿನ ಅಟ್ಟೆ ಬೂಟಿನೊಳಗೆ ಕೂತಿತ್ತು. ಹುಡುಗಿ ಅಂಗಳವನ್ನೆಲ್ಲ ಸುತ್ತಿ ಬಂದ ಮೇಲೆ ಬೂಟಕ್ಕ ಬೂಟು ಬಿಚ್ಚಿಸಿ, ಪಾದವನ್ನು ಬೆಳಕಿಗೆ ಹಿಡಿದು, ಒತ್ತಿ ಒತ್ತಿ ನೋಡಿದಳು. ಕೆಂಪು ಹರಡಿರಲಿಲ್ಲ.

ಮರುದಿನ ಮಳಿಗೆಯ ಬಾಗಿಲು ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಡಾಂಗಲ್ ಕೊಟ್ಟು, “ನನ್ ಸಿಟ್ಟೇನೂ ಇಳಿದಿಲ್ಲ, ತಿಳ್ಕೊ. ನಿನ್ ಮೇಲಲ್ಲ, ನಿನ್ ಕಂಪನಿ ಮೇಲೆ,” ಎಂದಳು.

“ಇಳಿಸ್ಬೇಡಿ. ಅವರಿಗೂ ಬರೀರಿ, ನಾನೂ ಬರೀತೀನಿ,” ಎಂದು ಅವನು ಕುರ್ಚಿಯಲ್ಲಿ ಕೂತ. ಡಾಂಗಲನ್ನು ಪ್ರದರ್ಶನದ ಕಂಪ್ಯೂಟರಿಗೆ ಹಾಕಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆ ಕಡೆಯವರು ಕಿರುಚುತ್ತಿದ್ದುದು ಬೂಟಕ್ಕನಿಗೂ ಕೇಳಿಸಿತು: ಬ್ಯಾಗಿನ ಸಮೇತ ಅವರ ಡಾಂಗಲ್ ಕಳೆದುಹೋಗಿತ್ತು.

“ಬನ್ನಿ ಸಾರ್,” ಎಂದ ಅವನು, ಬೂಟಕ್ಕ ಮರಳಿಸಿದ್ದನ್ನು ಅಂಗೈಯಲ್ಲಿ ತಿರುಗಿಸುತ್ತ. “ಇಲ್ಲೊಂದಿದೆ.”